ಲಿವರ್ ಇಲ್ಲದ ಮನೆತನ

ನಮ್ಮ ಮನೆತನದಲ್ಲಿ ಯಾರಿಗೂ ಲಿವರ್ ಇರಲಿಲ್ಲ. ನೋಯುವ ಮೊಣಕಾಲುಗಳಿದ್ದವು, ಬಿ.ಪಿ. ಇತ್ತು, ಗ್ಯಾಸಂತೂ ಧಾರಾಳವಾಗಿತ್ತು. ಇಬ್ಬರು ಕಾಕಾಗಳಿಗೆ ಹೃದಯವಿತ್ತೆಂಬುದು ಅವರು ಅದರಿಂದಲೇ ಹೋದಾಗ ಗೊತ್ತಾಯಿತು. ಆದರೆ ಲಿವರ್ ಮಾತ್ರ ಇರಲಿಲ್ಲ. ಅದು ಕುಡಿಯುವವರ ಮನೆಯಲ್ಲಿರುವ ಅಂಗ. ನಾವು ಜೈನರು, ಹೊತ್ತು ಮುಳುಗಿದ ಮೇಲೆ ಉಣ್ಣದವರು, ನೀರನ್ನು ಸಹ ಸೋಸಿ ಕುಡಿಯುವವರು. ನಮ್ಮ ಹೊಟ್ಟೆಯಲ್ಲಿ ಅಂಥದ್ದು ಹೇಗೆ ಇದ್ದೀತು?

ಹೀಗಾಗಿ, ನನ್ನ ಅಣ್ಣನ ಲಿವರಿನಲ್ಲಿ ಕ್ಯಾನ್ಸರಿನ ಗಡ್ಡೆ ಇದೆಯೆಂದು ಬೆಳಗಾವಿಯ ಆಸ್ಪತ್ರೆಯಲ್ಲಿ ಹೇಳಿದಾಗ ನಮಗೆ ಮೊದಲು ಆದದ್ದು ದುಃಖವಲ್ಲ, ನಾಚಿಕೆ. ಇದನ್ನು ಬರೆಯುವಾಗ ಈಗಲೂ ನಾಚಿಕೆಯೇ ಆಗುತ್ತಿದೆ, ಆದರೆ ಇದು ಬೇರೆ ನಾಚಿಕೆ.

ಅಣ್ಣನನ್ನು ನಾವು ದಾದಾ ಎನ್ನುತ್ತಿದ್ದೆವು. ಮೂಡಲಗಿಯಲ್ಲಿ ಬೆಲ್ಲದ ವ್ಯಾಪಾರ ಅವನದು. ಮಸಗುಪ್ಪಿ ಕಡೆಯ ಗಾಣಗಳಿಂದ ಬಂದ ಬೆಲ್ಲದ ಪೆಂಟೆಗಳನ್ನು, ಅಂದರೆ ದೊಡ್ಡ ಅಚ್ಚುಗಳನ್ನು, ಅವನು ಮೊದಲು ತೂಗುತ್ತಿರಲಿಲ್ಲ. ಒಂದು ಮೂಲೆ ಮುರಿದು, ಎರಡು ಬೆರಳ ನಡುವೆ ತಿಕ್ಕಿ, ನಾಲಗೆಗೆ ಹಚ್ಚಿ, ಸೋಡಾ ಎಷ್ಟು ಬಿದ್ದಿದೆ, ಕಬ್ಬು ಸವಳು ನೆಲದ್ದೋ ಅಲ್ಲವೋ ಎಂದು ಹೇಳುತ್ತಿದ್ದ. ರೈತರು ತೂಕದ ಮಾತೆತ್ತಿದರೆ ಅವನ ಉತ್ತರ ಒಂದೇ: "ತಕ್ಕಡಿ ತೂಕ ಹೇಳತೈತಿ, ಮಾಲ ಹೇಳೂದಿಲ್ಲ." ಐವತ್ತು ದಾಟಿದ ಮೇಲೂ ಪೆಂಟೆಗಳನ್ನು ತಾನೇ ಎತ್ತಿ ಒಟ್ಟುತ್ತಿದ್ದುದರಿಂದ ಅವನ ತೋಳುಗಳು ಗಟ್ಟಿಯಾಗಿದ್ದವು. ಬನಿಯನ್ ಮೇಲೆ ಅಂಗಡಿಯಲ್ಲಿ ಕೂತಿರುವುದು ಅವನಿಗೆ ಇಷ್ಟ, ನೋಡುವವರು ನೋಡಲಿ ಎಂದು.

ಕುಡಿಯದವರಿಗೂ ಇದು ಬರುತ್ತದೆ ಎಂದು ಡಾಕ್ಟರು ಬಿಡಿಸಿ ಹೇಳಿದರು. ಚಿಕ್ಕ ವಯಸ್ಸಿನ ಹೆಣ್ಣುಮಗಳು. ಲಿವರಿನಲ್ಲಿ ಕೊಬ್ಬು ತುಂಬಿಕೊಂಡು, ವರ್ಷಗಟ್ಟಲೆ ಸದ್ದಿಲ್ಲದೆ ಗಟ್ಟಿಯಾಗುತ್ತ ಹೋಗಿ, ಕೊನೆಗೆ ಗಡ್ಡೆ ಕಟ್ಟುತ್ತದಂತೆ. ತೊಡೆಯ ರಕ್ತನಾಳದೊಳಗಿಂದ ಸಣ್ಣ ನಳಿಗೆ ಒಯ್ದು ನೇರ ಗಡ್ಡೆಗೇ ಔಷಧ ಬಿಡಬಹುದು, ಹದಿನೈದು ದಿನ ಬಿಟ್ಟು ಬನ್ನಿ ಅಂದರು. ಹೊರಡುವಾಗ, ಹಾಲು, ಮೊಸರು, ಬೇಳೆ, ಕಾಳು ಹೊಟ್ಟೆ ತುಂಬ ತಿನ್ನಿರಿ, ಊಟ ಬಿಡಬೇಡಿರಿ ಎಂದೂ ಹೇಳಿದರು. ಬಂದವರಿಗೆ 'ಉಂಡು ಹೋಗ್ರಿ' ಅನ್ನುತ್ತಾರಲ್ಲ, ಅಂಥದೇ ಒಂದು ಉಪಚಾರದ ಮಾತೆಂದು ನಾವು ತಲೆಯಾಡಿಸಿದೆವು.

ನಾನು ಹುಕ್ಕೇರಿಯಲ್ಲಿ ಸಾಲಿ ಮಾಸ್ತರಿಣಿ. ನನ್ನನ್ನು ಅಲ್ಲಿಳಿಸಿ ಮೂಡಲಗಿಗೆ ಹೋಗಲೆಂದು ಬರುವಾಗ ಹತ್ತರಗಿಯ ಹತ್ತಿರ ಹೆದ್ದಾರಿಯ ಬದಿಗೆ ಗಾಡಿ ನಿಲ್ಲಿಸಿ ಚಹಾ ಕುಡಿಯುತ್ತಿದ್ದೆವು. ದಾದಾ, ಅವನ ಹೆಂಡತಿ ಅಂದರೆ ನಮ್ಮ ವೈನಿ, ಮತ್ತು ನಾನು. ಆಗ ನಿಡಸೋಸಿಯ ಮಾವಶಿಯ, ಅಂದರೆ ಅವ್ವನ ತಂಗಿಯ, ಫೋನು ಬಂತು. ನಮ್ಮವರಲ್ಲಿ ಒಂದು ಸುದ್ದಿ ಎಲ್ಲರಿಗೂ ಮುಟ್ಟಬೇಕೆಂದರೆ ಡಂಗುರ ಬೇಕಿಲ್ಲ, ಮಾವಶಿಗೆ ಹೇಳಿದರೆ ಸಾಕು. ವೈನಿ ನನ್ನ ಮುಖ ನೋಡಿದಳು. ಮದುವೆಗೆ ಬಂದ ಮಗಳಿದ್ದಾಳೆ, ಲಿವರ್ ಎಂದರೆ ಜನ ಏನಂದಾರು ಎಂಬುದೆಲ್ಲ ಆ ಒಂದು ನೋಟದಲ್ಲಿತ್ತು. ಸಾಲಿಯಲ್ಲಿ ಸುಳ್ಳು ಹೇಳಬಾರದೆಂದು ಇಪ್ಪತ್ತು ವರ್ಷ ಪಾಠ ಮಾಡಿದ ನಾನು ಒಂದು ಗುಟುಕು ಚಹಾ ನುಂಗುವಷ್ಟರಲ್ಲಿ ಹೇಳಿಬಿಟ್ಟೆ:

"ಕಾಮಾಲಿ ಆಗೇತಿ ಮಾವಶಿ. ಗಾಬರಿ ಆಗೂದ ಬ್ಯಾಡ."

ದಾದಾನ ಕಣ್ಣುಗಳು ತುಸು ಹಳದಿಯಾಗಿದ್ದವು ನಿಜ. ಸುಳ್ಳಿಗೆ ಅಷ್ಟು ಬಣ್ಣ ಸಾಕಾಯಿತು. ವೈನಿ ನನ್ನ ಕೈ ಹಿಡಿದುಕೊಂಡಳು. ದಾದಾ ಕಪ್ಪಿನ ತಳ ನೋಡುತ್ತ ಕೂತ. ನನಗಂತೂ ಎಂಥ ಜಾಣೆ ನಾನು ಅನ್ನಿಸಿತ್ತು.

ಕ್ಯಾನ್ಸರ್ ಎಂದಿದ್ದರೆ ನಮ್ಮ ಜನ ಬಾಯಿಗೆ ಸೆರಗು ಹಿಡಿದು ಸುಮ್ಮನಾಗುತ್ತಿದ್ದರು, ಏಕೆಂದರೆ ಅದರ ಔಷಧ ಯಾರಿಗೂ ಗೊತ್ತಿಲ್ಲ. ಕಾಮಾಲೆಯ ಮಾತು ಹಾಗಲ್ಲ. ಗೋಕಾಕ, ಮೂಡಲಗಿ, ಹುಕ್ಕೇರಿ ಮೂರೂ ತಾಲೂಕಿನಲ್ಲಿ ಕಾಮಾಲೆಯ ಔಷಧ ಗೊತ್ತಿಲ್ಲದ ಒಬ್ಬ ಮನುಷ್ಯ ಸಿಕ್ಕರೆ ಅವನಿಗೆ ಸನ್ಮಾನ ಮಾಡಬೇಕು. ಮರುದಿನದಿಂದಲೇ ಫೋನುಗಳು ಶುರುವಾದವು. ಒಂದೂರಿನಲ್ಲಿ ಬೇರು ಅರೆದು ಕೊಡುತ್ತಾರೆ, ಇನ್ನೊಂದೂರಿನಲ್ಲಿ ಕಣ್ಣಿಗೆ ರಸ ಹಿಂಡುತ್ತಾರೆ, ಮತ್ತೊಂದು ಕಡೆ ಮುಂಗೈ ಮೇಲೆ ಸುಟ್ಟರೆ ಮೂರೇ ದಿನ.

ಇದಕ್ಕೆಲ್ಲ ಹೋಗುವುದು ಬೇಡ ಎಂದು ನಾನು ಹೇಳಬಹುದಿತ್ತು. ಆದರೆ ವೈನಿಯ ವಿಚಾರ ಸರಳವಾಗಿತ್ತು. ಕಾಮಾಲೆ ಎಂದು ಹೇಳಿದ ಮೇಲೆ ಕಾಮಾಲೆಯ ಔಷಧಕ್ಕೆ ಹೋಗದಿದ್ದರೆ ಜನ ಸಂಶಯ ಪಡುವುದಿಲ್ಲವೇ? ಊರಿಗೆ ಬಂದವಳು ನೀರಿಗೆ ಬಾರದಿರಲಾಗುತ್ತದೆಯೇ? ಹೀಗೆ ನನ್ನ ಸುಳ್ಳಿಗೆ ಸಾಕ್ಷಿ ಒದಗಿಸಲು ದಾದಾನನ್ನು ಬೇರಿನ ಔಷಧಕ್ಕೆ ಕರೆದೊಯ್ದೆವು.

ಔಷಧ ಕೊಡುವ ಮುದುಕ ಒಂದು ಪೈಸೆ ಮುಟ್ಟಲಿಲ್ಲ, ಕೆಟ್ಟವನೂ ಅಲ್ಲ. ನಾವು ಕಾಮಾಲೆ ಅಂದೆವು, ಅವನು ಕಾಮಾಲೆಗೆ ಕೊಟ್ಟ. ಕೆಡಿಸಿದ್ದು ಪಥ್ಯ. ನಲವತ್ತೊಂದು ದಿನ ಎಣ್ಣೆ ಇಲ್ಲ, ತುಪ್ಪ ಇಲ್ಲ. ಮತ್ತು ಹಳದಿ ಬಣ್ಣದ ಯಾವುದನ್ನೂ ತಿನ್ನಬಾರದು, ತಿಂದರೆ ಮೈಯಲ್ಲಿ ಹಳದಿ ಏರುತ್ತದೆ. ತೊಗರಿಬೇಳೆ ಹಳದಿ. ಕಡಲೆ ಹಳದಿ. ಹೆಸರುಬೇಳೆಯ ಮೇಲೆ ಸ್ವಲ್ಪ ಚರ್ಚೆಯಾಗಿ, ಸಿಪ್ಪೆ ತೆಗೆದರೆ ಹಳದಿಯೇ ಎಂದು ಅದೂ ಹೋಯಿತು. ಶೇಂಗಾ ಹಳದಿಯಲ್ಲ, ಆದರೆ ಪಿತ್ತ. ಹಾಲು ಬಿಳಿ, ಆದರೆ ಕೆನೆ ಹಳದಿ. ಕೊನೆಗೆ ಉಳಿದದ್ದು ಉಪ್ಪಿಲ್ಲದ ಅಕ್ಕಿಗಂಜಿ, ನೀರು ಮಜ್ಜಿಗೆ, ಕಬ್ಬಿನ ಹಾಲು. ಬೆಲ್ಲದ ವ್ಯಾಪಾರಿಯ ಮನೆಯಲ್ಲಿ ಬೆಲ್ಲಕ್ಕೂ ಬಂದಿ. ಅದು ಹಳದಿಯೋ ಕೆಂಪೋ ಎಂದು ಕೇಳುವ ಧೈರ್ಯ ಯಾರಿಗೂ ಬರಲಿಲ್ಲ.

ಈ ಪಟ್ಟಿ ಬರೆದದ್ದು ನಾನು. ಭಾನುವಾರ ಮೂಡಲಗಿಗೆ ಹೋದಾಗ ಸಾಲಿಯ ಡ್ರಾಯಿಂಗ್ ಹಾಳೆ ಒಯ್ದಿದ್ದೆ. ತಿನ್ನಬಹುದಾದದ್ದು ಹಸಿರು ಅಕ್ಷರದಲ್ಲಿ, ತಿನ್ನಬಾರದ್ದು ಕೆಂಪು ಅಕ್ಷರದಲ್ಲಿ, ನಡುವೆ ಸ್ಕೇಲ್ ಇಟ್ಟು ಎಳೆದ ಗೆರೆ. ಹಸಿರು ಬದಿಗೆ ಮೂರು ಸಾಲು, ಕೆಂಪು ಬದಿಗೆ ಜಾಗ ಸಾಲಲಿಲ್ಲ. ಅಡಿಗೆಮನೆಯ ಗೋಡೆಗೆ ಅಂಟಿಸಿದೆ. ಬಂದವರೆಲ್ಲ ನೋಡಿ, ಅಕ್ಷರ ಎಷ್ಟು ದುಂಡಗೆ ಎಂದು ಹೊಗಳಿದರು. ಎಂಬತ್ತು ದಾಟಿದ ನಮ್ಮವ್ವನಿಗೆ ಓದು ಬಾರದು. ಇಷ್ಟೆಲ್ಲ ಏನು ಬರೆದದ್ದು ಎಂದು ಕೇಳಿದಳು. ದಾದಾ ತಿನ್ನಬಾರದ್ದು ಎಂದೆ. ಅಷ್ಟಾದ ಮೇಲೆ ಅವನು ಬದುಕುವುದು ಯಾವುದರ ಮೇಲೆ ಎಂದಳು. ವಯಸ್ಸಾದವರಿಗೆ ತಿಳಿಯುವುದಿಲ್ಲ ಎಂದು ನಾವು ನಕ್ಕೆವು.

ನೋಡಲು ಬರುವವರ ದಂಡು ಬೇರೆ. ಗೋಕಾಕ ಕಡೆಯಿಂದ ಬರುವವರು ಬರಿಗೈಲಿ ಬರುವುದುಂಟೇ, ಕರದಂಟಿನ ಡಬ್ಬಿ ತರುತ್ತಿದ್ದರು. ಕರದಂಟೆಂದರೆ ಏನು? ಬಾದಾಮಿ, ಗೋಡಂಬಿ, ಅಂಜೂರ, ಅಂಟು, ಒಣ ಕೊಬ್ಬರಿ, ಬೆಲ್ಲ. ಬಾಣಂತಿಗೆ, ಪೈಲವಾನನಿಗೆ, ಸೋತ ಮೈಗೆ ಕೊಡುವಂಥದ್ದು. ಅದನ್ನು ರೋಗಿಯ ಹಾಸಿಗೆಯ ಬಾಜೂ ಇಟ್ಟು, ಗೋಡೆಯ ಮೇಲಿನ ನನ್ನ ಪಟ್ಟಿ ನೋಡಿ, ಅಯ್ಯೋ ಇವನು ತಿನ್ನುವ ಹಾಗಿಲ್ಲವಲ್ಲ ಎಂದು ಮರುಗಿ, ಚಹಾದ ಜೊತೆ ತಾವೇ ತಿನ್ನುತ್ತಿದ್ದರು. ದಾದಾ ಗಂಜಿಯ ಬಟ್ಟಲು ಹಿಡಿದು ಅವರ ದವಡೆ ಆಡುವುದನ್ನು ನೋಡುತ್ತಿದ್ದ. ಆ ಎರಡು ತಿಂಗಳಲ್ಲಿ ನಮ್ಮ ಬಳಗದ ಮೈಯಲ್ಲಿ ಎಷ್ಟು ಕಸುವು ತುಂಬಿತೋ, ಅದನ್ನು ಅಳೆದವರಿಲ್ಲ.

ಎರಡು ತಿಂಗಳು ಎಂದೆನಲ್ಲ, ಅದೂ ಹೇಳಬೇಕು. ಡಾಕ್ಟರು ಕರೆದದ್ದು ಹದಿನೈದು ದಿನಕ್ಕೆ. ಆದರೆ ನಲವತ್ತೊಂದು ದಿನದ ಪಥ್ಯ ಅರ್ಧಕ್ಕೆ ಮುರಿಯಬಾರದೆಂದು ಬಲ್ಲವರು ಹೇಳಿದರು. ಅದು ಮುಗಿದ ಮೇಲೆ, ಗುಣ ಕಾಣುತ್ತಿದೆ, ಇನ್ನೊಂದು ಸುತ್ತು ಆಗಲಿ ಎಂದರು. ಗುಣ ಕಂಡದ್ದು ಎಲ್ಲಿ? ತಕ್ಕಡಿಯಲ್ಲಿ. ಪ್ರತಿ ಭಾನುವಾರ ದಾದಾನನ್ನು ಅಂಗಡಿಯ ಎಲೆಕ್ಟ್ರಾನಿಕ್ ತಕ್ಕಡಿಯ ಮೇಲೆ ನಿಲ್ಲಿಸುತ್ತಿದ್ದೆವು. ಅರವತ್ತೆಂಟು ಕೆ.ಜಿ. ಮರುವಾರ ಅರವತ್ತೆಂಟು. ಅದರ ಮರುವಾರ ಅರವತ್ತೊಂಬತ್ತು! ನಾನೇ ಫೋಟೋ ತೆಗೆದು ಬಳಗದ ವಾಟ್ಸಾಪ್ ಗುಂಪಿಗೆ ಹಾಕುತ್ತಿದ್ದೆ. ಕೆಳಗೆ ಮುಗಿದ ಕೈಗಳು, ಹೂಗಳು, ಹೆಬ್ಬೆರಳುಗಳು ಸಾಲಾಗಿ ಬಂದು ಬೀಳುತ್ತಿದ್ದವು.

ಆ ಫೋಟೋಗಳಲ್ಲಿ ಅಂಕಿ ಮಾತ್ರ ಕಾಣುತ್ತಿತ್ತು. ದಾದಾನ ಕೈಗಡಿಯಾರ ಮೊಣಕೈವರೆಗೆ ಜಾರುತ್ತಿದ್ದುದು, ತೊಡೆ ಪೈಜಾಮದೊಳಗೆ ಕಳೆದುಹೋದದ್ದು, ಕುರ್ಚಿಯಿಂದ ಏಳಲು ಎರಡೂ ಕೈ ಊರಬೇಕಾದದ್ದು ಕಾಣುತ್ತಿರಲಿಲ್ಲ. ಪೆಂಟೆ ಎತ್ತುವುದನ್ನು ಬಿಟ್ಟಿದ್ದ. ಬನಿಯನ್ ಮೇಲೆ ಕೂರುವುದನ್ನೂ ಬಿಟ್ಟು, ಬೇಸಿಗೆಯಲ್ಲೂ ತುಂಬುತೋಳಿನ ಅಂಗಿ ಹಾಕುತ್ತಿದ್ದ. ಹೊಟ್ಟೆಯೊಂದು ಮಾತ್ರ ಮುಂದೆ ಬಂದಿತ್ತು. ಮುಖ ಇಳಿದಿದ್ದರೂ ಹೊಟ್ಟೆ ಚೆನ್ನಾಗಿದೆ, ಗಂಜಿ ಮೈಗೆ ಹತ್ತಿದೆ ಎಂದು ಮಾವಶಿ ತೀರ್ಪು ಕೊಟ್ಟಳು.

ಕೊನೆಗೆ ಕಾಲು ಬಾತುಕೊಂಡು ಚಪ್ಪಲಿ ಹಿಡಿಸದಾದಾಗ ಬೆಳಗಾವಿಗೆ ಹೋದೆವು. ಮತ್ತೆ ಸಿ.ಟಿ. ಸ್ಕ್ಯಾನ್ ಆಯಿತು. ಡಾಕ್ಟರು ಪರದೆಯ ಮೇಲೆ ಎರಡು ಚಿತ್ರಗಳನ್ನು ಅಕ್ಕಪಕ್ಕ ಇಟ್ಟರು, ಒಂದು ಅಂದಿನದು, ಒಂದು ಇಂದಿನದು. ಗಡ್ಡೆ ಬೆಳೆದಿದೆಯೇ ಎಂದು ವೈನಿ ಕೇಳಿದಳು. ಹೆಚ್ಚು ಬೆಳೆದಿಲ್ಲ ಅಂದರು. ವೈನಿ ಅಲ್ಲೇ ಕೈಮುಗಿದು ಕಣ್ಣು ಮುಚ್ಚಿದಳು. ನನಗೂ ಬೇರಿನ ಔಷಧದ ಮುದುಕನಿಗೆ ಒಂದು ಶಾಲು ಹೊದಿಸಬೇಕು ಅನ್ನಿಸಿತು.

"ನಾ ಗಡ್ಡಿ ನೋಡಾಕತ್ತಿಲ್ಲರಿ," ಅಂದರು ಡಾಕ್ಟರು. "ಇಲ್ಲಿ ನೋಡ್ರಿ."

ಹೊಟ್ಟೆಯನ್ನು ಹೊಕ್ಕಳದ ಮಟ್ಟಕ್ಕೆ ಅಡ್ಡ ಕೊಯ್ದು ಮೇಲಿನಿಂದ ನೋಡಿದರೆ ಹೇಗೋ ಹಾಗಿತ್ತು ಆ ಚಿತ್ರ. ನಡುವೆ ಬಿಳಿಯ ಬೆನ್ನೆಲುಬು, ಅದರ ಎಡಬಲಕ್ಕೆ ಬೂದು ಬಣ್ಣದ ಎರಡು ಉಂಡೆಗಳು. ಅವು ಬೆನ್ನಿನ ಸ್ನಾಯುಗಳಂತೆ. ಮೊದಲ ಚಿತ್ರದಲ್ಲಿ ದುಂಡಗೆ ತುಂಬಿಕೊಂಡಿದ್ದವು. ಎರಡನೆಯದರಲ್ಲಿ ಒಣ ಅಂಜೂರದ ಹಾಗೆ ಮುರುಟಿದ್ದವು. ಒಂದೇ ಅಳತೆಯ ಗಡ್ಡೆ ಇರುವ ಇಬ್ಬರಲ್ಲಿ ಈ ಮಾಂಸ ಉಳಿಸಿಕೊಂಡವರು ಸಾಮಾನ್ಯವಾಗಿ ಚಿಕಿತ್ಸೆ ತಡೆದುಕೊಳ್ಳುತ್ತಾರೆ, ಹೆಚ್ಚು ದಿನ ಇರುತ್ತಾರೆ, ಕಳೆದುಕೊಂಡವರು ಸೋಲುತ್ತಾರೆ, ಹೀಗಾಗಿ ಗಡ್ಡೆಯಷ್ಟೇ ಇದನ್ನೂ ನೋಡಬೇಕು ಎಂದು ವಿವರಿಸಿದರು. ಈಗ ನಳಿಗೆಯಿಂದ ಔಷಧ ಬಿಟ್ಟರೆ ಗಡ್ಡೆಗಿಂತ ಮೊದಲು ಮನುಷ್ಯ ಹೋಗುತ್ತಾನೆ ಎಂಬುದನ್ನು ಅವರು ಮೃದುವಾಗಿ ಹೇಳಿದರು, ಆದರೆ ಹೇಳಿದ್ದು ಅದನ್ನೇ.

ವೈನಿ ಒಪ್ಪಲಿಲ್ಲ. ತೂಕ ಒಂದು ಕೆ.ಜಿ.ಯೂ ಇಳಿದಿಲ್ಲ, ಬೇಕಾದರೆ ಫೋಟೋ ಇವೆ ಅಂದಳು. ನಾನು ಫೋನು ತೆಗೆದೆ. ಡಾಕ್ಟರು ಅದನ್ನು ನೋಡಲೇ ಇಲ್ಲ. ಹೊಟ್ಟೆಯಲ್ಲಿ ನೀರು ತುಂಬಿದೆ, ಮಾಂಸ ಇಳಿದಷ್ಟು ನೀರು ಏರಿದೆ, ತಕ್ಕಡಿಗೆ ಎರಡೂ ಒಂದೇ ಅಂದರು.

ಆಗ ದಾದಾ ಮೊದಲ ಸಲ ಬಾಯಿ ಬಿಟ್ಟ.

"ಅಂದ್ರ ಮಾಲ ಹೋಗೇತಿ, ತೂಕ ಉಳದೈತಿ."

ಮೂವತ್ತು ವರ್ಷ ರೈತರಿಗೆ ಹೇಳಿದ ಮಾತನ್ನು ಅವನು ತನ್ನ ಮೈಗೆ ಹೇಳಿಕೊಳ್ಳಬೇಕಾಗಿತ್ತು. ನಾವು ಬೆಲ್ಲದ ವ್ಯಾಪಾರಿಯ ಮನೆಯವರು, ಒಂದು ಪೆಂಟೆ ಕೊಳ್ಳಬೇಕಾದರೆ ಮುರಿದು ನೋಡುವವರು, ಅವನನ್ನು ಮಾತ್ರ ಅಂಕಿಯ ಮೇಲೆ ನಂಬಿದ್ದೆವು.

ಇಷ್ಟು ದಿನ ಏನು ತಿಂದಿರಿ ಎಂದು ಡಾಕ್ಟರು ಕೇಳಿದರು. ವೈನಿ ಹೇಳಿದಳು. ಅವರು ಸಿಟ್ಟಾಗಲಿಲ್ಲ, ಕನ್ನಡಕ ತೆಗೆದು ಒರೆಸಿಕೊಂಡರು. ಇದು ಕಾಮಾಲೆ ಎಂದು ನಿಮಗೆ ಯಾರು ಹೇಳಿದರು ಎಂದು ಕೇಳಿದರು. ತರಗತಿಯಲ್ಲಿ ಸೀಮೆಸುಣ್ಣ ಕದ್ದವರು ಯಾರು ಎಂದು ಕೇಳಿದಾಗ ಮಕ್ಕಳು ಹೇಗೆ ನೆಲ ನೋಡುತ್ತಾರೋ ಹಾಗೆ ನೆಲ ನೋಡಿದೆ. ಜನ ಹೇಳಿದರು ಎಂದು ದಾದಾ ಅಂದುಬಿಟ್ಟ. ಚಿಕ್ಕವಳಿದ್ದಾಗಲೂ ಅಪ್ಪನ ಮುಂದೆ ಹೀಗೇ ನನ್ನ ತಪ್ಪನ್ನು ಮುಚ್ಚಿಹಾಕುತ್ತಿದ್ದ. ಆವತ್ತು ಆಸ್ಪತ್ರೆಯ ಬಾತ್‌ರೂಮಿನಲ್ಲಿ ನಳ ಬಿಟ್ಟುಕೊಂಡು ಅತ್ತೆ.

ಹೊಟ್ಟೆಯ ನೀರು ತೆಗೆದು, ಆರು ವಾರ ಉಣ್ಣಿಸಿ ಕರೆತನ್ನಿ ಎಂದು ಕಳಿಸಿದರು. ಇನ್ನೊಂದು ಮಾತೂ ಹೇಳಿದ್ದರು. ಸಂಜೆ ಉಂಡು ಮರುದಿನ ಹೊತ್ತೇರುವವರೆಗೆ ಹೊಟ್ಟೆ ಖಾಲಿ ಇಟ್ಟರೆ ಇಂಥವರ ಮೈ ತನ್ನ ಮಾಂಸವನ್ನೇ ತಿನ್ನುತ್ತದೆ, ಮಲಗುವ ಮೊದಲು ಏನಾದರೂ ಕೊಡಿ ಎಂದು. ನಮ್ಮ ಮನೆಯಲ್ಲಿ ಹೊತ್ತು ಮುಳುಗಿದ ಮೇಲೆ ಒಲೆ ಹೊತ್ತಿದ್ದು ಯಾರೂ ಕಂಡಿಲ್ಲ. ಅವ್ವನಿಗೆ ಹೇಗೆ ಹೇಳುವುದೆಂದು ನಾನೂ ವೈನಿಯೂ ದಾರಿಯುದ್ದಕ್ಕೂ ಯೋಚಿಸಿದೆವು. ಅವ್ವ ಪೂರ್ತಿ ಕೇಳಿಸಿಕೊಂಡಳು. ಎದ್ದು ಹೋಗಿ ನನ್ನ ದುಂಡು ಅಕ್ಷರದ ಪಟ್ಟಿಯನ್ನು ಗೋಡೆಯಿಂದ ಕಿತ್ತು ನಾಲ್ಕು ತುಂಡು ಮಾಡಿದಳು.

"ಔಷಧಕ್ಕ ಹೊತ್ತಿಲ್ಲ," ಅಂದಳು. "ಹಾಲ ನಾ ಕಾಸತೇನಿ."

ತಾನು ಮಾತ್ರ ಹೊತ್ತು ಮುಳುಗಿದ ಮೇಲೆ ಹನಿ ನೀರೂ ಮುಟ್ಟುತ್ತಿರಲಿಲ್ಲ. ಬಾದಾಮಿ ಅರೆದು ಹಾಕಿದ ಹಾಲಿನ ಲೋಟ ಮಗನ ಕೈಗೆ ಕೊಟ್ಟು, ಅವನು ಮುಗಿಸುವವರೆಗೆ ಎದುರಿಗೆ ಕೂತಿರುತ್ತಿದ್ದಳು. ಹಗಲಿಗೆ ಬೇಳೆ, ಮೊಳಕೆ ಕಟ್ಟಿದ ಮಡಿಕೆಕಾಳು, ಗಟ್ಟಿ ಮೊಸರು, ರೊಟ್ಟಿಗೆ ಶೇಂಗಾ ಹಿಂಡಿ. ನಾನು ಕೆಂಪು ಅಕ್ಷರದಲ್ಲಿ ಬರೆದದ್ದೆಲ್ಲ ಒಂದೊಂದಾಗಿ ತಾಟಿಗೆ ಬಂತು.

ಆ ವಾರ ಗೋಕಾಕದಿಂದ ಒಬ್ಬ ಕಾಕಾ ಡಬ್ಬಿ ಹಿಡಿದುಕೊಂಡು ಬಂದರು. ಕಾಮಾಲೆ ಇಳಿಯಿತೇ ಎಂದು ಕೇಳುತ್ತಲೇ ಒಂದು ತುಂಡು ಕರದಂಟು ಬಾಯಿಗೆ ಹಾಕಿಕೊಂಡರು. ದಾದಾ ಕೈ ಚಾಚಿ ಡಬ್ಬಿಯನ್ನು ತನ್ನ ತೊಡೆಯ ಮೇಲೆ ಎಳೆದುಕೊಂಡ.

"ಕಾಮಾಲಿ ಅಲ್ಲ ಕಾಕಾ, ಲಿವರ್ ಕ್ಯಾನ್ಸರ್. ಇದನ್ನ ನನಗಂತ ತಂದೀರೊ, ನಿಮಗಂತ ತಂದೀರೊ?"

ಕಾಕಾ ಬಾಯಲ್ಲಿದ್ದುದನ್ನು ನುಂಗುವುದೋ ಬಿಡುವುದೋ ತಿಳಿಯದೆ ಕೂತರು. ದಾದಾ ಅವರನ್ನೇ ನೋಡುತ್ತ ಎರಡು ತುಂಡು ಕಟಕಟನೆ ಅಗಿದು ತಿಂದ. ನಾನು ಅಷ್ಟು ಖುಷಿಯಿಂದ ನಕ್ಕು ತಿಂಗಳುಗಳಾಗಿದ್ದವು.

ಅಂದಿನಿಂದ ಬರುವವರು ಕಡಿಮೆಯಾದರು. ನಾವು ಹೆದರಿದ್ದ ಮಾತು ಹುಟ್ಟಿತು, ಹುಟ್ಟಿ ತನ್ನ ಕಾಲ ಮೇಲೆ ನಡೆಯಿತು. ಹರೆಯದಲ್ಲಿ ಗೋವಾಕ್ಕೆ ಹೋಗಿದ್ದನಂತೆ ಎಂದು ಒಬ್ಬರು ಹೇಳಿದರಂತೆ. ಹೌದು, ಹೋಗಿದ್ದ. ಬಸದಿ ನೋಡಲು, ಅವ್ವನನ್ನು ಕರೆದುಕೊಂಡು. ವೈನಿ ನಾಲ್ಕು ದಿನ ಅತ್ತು ಸುಮ್ಮನಾದಳು. ಮಗಳ ಮದುವೆಯ ಮಾತಿಗೆ ಬಂದಿದ್ದವರಲ್ಲಿ ಒಬ್ಬರೂ ಹಿಂದೆ ಸರಿಯಲಿಲ್ಲ. ಯಾವ ಗುಮ್ಮನಿಗೆ ಹೆದರಿ ಇಷ್ಟೆಲ್ಲ ಮಾಡಿದೆವೋ ಅವನು ಬಾಗಿಲವರೆಗೂ ಬರಲಿಲ್ಲ.

ಆರು ವಾರದ ಮೇಲಿನ ಚಿತ್ರದಲ್ಲಿ ಆ ಅಂಜೂರಗಳು ತುಸು ಉಬ್ಬಿದ್ದವು. ನನಗೆ ಪರದೆಯ ಮೇಲೆ ಬೆರಳಿಟ್ಟು ನೋಡುವಷ್ಟು ಆಸೆ. ಒಮ್ಮೆ ನಳಿಗೆಯ ಔಷಧದ ಪ್ರಯತ್ನ ಮಾಡೋಣ ಅಂದರು ಡಾಕ್ಟರು. ಮಾಡಿದರು. ದಾದಾ ತಡೆದುಕೊಂಡ, ಹದಿನೈದು ದಿನ ಅಂಗಡಿಯಲ್ಲೂ ಕೂತ. ಎರಡನೆಯ ಸಲಕ್ಕೆ ಹೊತ್ತಾಗುವಷ್ಟರಲ್ಲಿ ಜ್ವರ ಬಂದು, ಆರು ವಾರ ತುತ್ತು ತುತ್ತಾಗಿ ಕೂಡಿಸಿದ್ದನ್ನು ಎಂಟೇ ದಿನದಲ್ಲಿ ತಿಂದು ಹಾಕಿತು. ಇನ್ನು ಮೈ ತಡೆಯುವುದಿಲ್ಲ ಎಂದರು. ಮಳೆಗಾಲ ಮುಗಿಯುವ ಮೊದಲೇ ದಾದಾ ಹೋದ. ಗಡ್ಡೆ ಆಗಲೂ ಅಂಥದ್ದೇನೂ ಬೆಳೆದಿರಲಿಲ್ಲ.

ಹೇಳಿದ ಹದಿನೈದು ದಿನಕ್ಕೆ ಬಂದಿದ್ದರೆ ಏನಾಗುತ್ತಿತ್ತು ಎಂದು ನಾನೊಬ್ಬಳೇ ಹೋಗಿ ಡಾಕ್ಟರನ್ನು ಕೇಳಿದೆ. ಖಚಿತವಾಗಿ ಹೇಳಲು ಬರುವುದಿಲ್ಲ ಅಂದರು. ಒಳ್ಳೆಯ ಹೆಣ್ಣುಮಗಳು, ನನ್ನ ಮುಖ ನೋಡಿ ಅಷ್ಟೇ ಹೇಳಿದರು. ಆ ಎರಡು ಚಿತ್ರಗಳನ್ನು ನಾನು ನೋಡಿದ್ದೇನೆ, ನನಗೆ ಉತ್ತರ ಬೇಕಿರಲಿಲ್ಲ.

ನಮ್ಮ ಬಳಗಕ್ಕೆ ಮಾತ್ರ ಎಲ್ಲ ಖಚಿತವಾಗಿ ಗೊತ್ತಿತ್ತು. ಮಾತಾಡಿಸಲು ಬಂದವರು ಜಗಲಿಯ ಮೇಲೆ ಕೂತು, ಪಥ್ಯದಲ್ಲಿದ್ದಾಗ ಅರವತ್ತೊಂಬತ್ತು ಕೆ.ಜಿ. ಇದ್ದ, ಪಥ್ಯ ಮುರಿದ, ಹೋದ ಎಂದು ಒಬ್ಬರಿಗೊಬ್ಬರು ವಿವರಿಸಿದರು. ಸಾಕ್ಷಿಗೆ ನಾನು ಕಳಿಸಿದ ಫೋಟೋಗಳು ಅವರ ಫೋನಿನಲ್ಲಿ ಇನ್ನೂ ಇದ್ದವು.

ರಜೆ ಮುಗಿಸಿ ಹುಕ್ಕೇರಿಯ ಸಾಲಿಗೆ ಹೋದ ದಿನ ಹೊಸದಾಗಿ ಬಂದಿದ್ದ ಟೀಚರೊಬ್ಬಳು ಪಕ್ಕದಲ್ಲಿ ಬಂದು ಕೂತು, ಅಣ್ಣನಿಗೆ ಏನಾಗಿತ್ತು ಎಂದು ಕೇಳಿದಳು. ಲಿವರ್ ಕ್ಯಾನ್ಸರ್ ಅಂದೆ. ಅವಳು ಅತ್ತ ಇತ್ತ ನೋಡಿ, ದನಿ ಇಳಿಸಿ, ಕುಡಿಯುತ್ತಿದ್ದರೇ ಎಂದಳು.

"ಇಲ್ಲರಿ," ಅಂದೆ. "ಕುಡಿತಿದ್ದ ಅಂತ ಮಂದಿ ತಿಳಕೋಬಾರದಂತ, ನಾವ ಉಪವಾಸ ಕೆಡವಿದಿವಿ."